ಹೈಸ್ಕೂಲಿನ ಹುಡುಗನಿಗೆ ಕಾಲೇಜಿನ ಜಮೆ

(ಕಾರ್ಮಿಕರ ಹಾಗೂ ಸಣ್ಣ ವರ್ತಕರ ಅಧ್ಯಯನ ಕೂಟದಲ್ಲಿ ಮಾಡಿದ ಭಾಷಣದ ಪಾಠ)

ಪಾಳಿ ಮುಗಿಸಿ ಮನೆಗೂ ಹೋಗದೆ ನೇರವಾಗಿ ಇಲ್ಲಿಗೆ ಬಂದವರಿದ್ದೀರಿ. ಅಂಗಡಿಯ ಬಾಗಿಲನ್ನು ಒಂದು ಗಂಟೆ ಮುಂಚೆ ಹಾಕಿ ಬಂದವರೂ ಇದ್ದೀರಿ. ಇಂಥ ಹೊತ್ತಿನಲ್ಲಿ ನಾವು ಅಮೆರಿಕದ ಶಾಲೆಗಳ ಸಂಗತಿ ತೆಗೆದುಕೊಂಡು ಕೂತರೆ, "ನಮ್ಮ ಮನೆಯ ಒಲೆಗೂ ಆ ದೂರದ ದೇಶಕ್ಕೂ ಏನು ನಂಟು?" ಎಂದು ನೀವು ಕೇಳುವುದು ನ್ಯಾಯವೇ ಸರಿ. ಆದರೆ ನಾವು ಇಂದು ಹೇಳಹೊರಟಿರುವುದು ಸಿರಿವಂತರ ಅಮೆರಿಕದ ಕಥೆಯಲ್ಲ. ಅದು ಬಟ್ಟೆ ಮಿಲ್ಲಿನ ಒಂದು ಊರಿನ ಕಥೆ. ಮಿಲ್ಲು ಮುಚ್ಚಿದ ಮೇಲೆ ಆ ಊರಿನ ಮಕ್ಕಳ ವಿದ್ಯಾಭ್ಯಾಸ ಏನಾಗಬೇಕೆಂಬ ಪ್ರಶ್ನೆಗೆ ಅಲ್ಲಿಯ ಜನ, ಅಲ್ಲಿಯ ಸರಕಾರ ಹುಡುಕಿದ ಒಂದು ಉತ್ತರದ ಕಥೆ. ಆ ಉತ್ತರದಲ್ಲಿ ಒಳ್ಳೆಯದೂ ಇದೆ, ಹುಳುಕೂ ಇದೆ. ಎರಡನ್ನೂ ನಿಮ್ಮ ಮುಂದೆ ಇಡುತ್ತೇವೆ.

ಉತ್ತರ ಕೆರೊಲಿನಾ ಎಂಬ ರಾಜ್ಯದಲ್ಲಿ ಕನ್ನಾಪೊಲಿಸ್ ಎಂಬುದೊಂದು ಊರು. ಹೆಸರು ಕೇಳಿ ನಮ್ಮ ಕನ್ನಡಕ್ಕೇನೋ ಸಂಬಂಧವಿದ್ದೀತೆಂದು ಮೋಸಹೋಗಬೇಡಿ, ಏನೂ ಇಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜೇಮ್ಸ್ ವಿಲಿಯಂ ಕ್ಯಾನನ್ ಎಂಬ ಮಾಲೀಕ ತನ್ನ ಮಿಲ್ಲಿಗಾಗಿಯೇ ಕಟ್ಟಿಸಿದ ಊರು ಅದು. ಟವೆಲು, ಹಾಸುವ ಹೊದೆಯುವ ಬಟ್ಟೆ ಅಲ್ಲಿಯ ಮಾಲು. ಮಿಲ್ಲು ಕಂಪನಿಯದು, ಕೆಲಸಗಾರರು ಬಾಡಿಗೆಗಿದ್ದ ಮನೆಗಳೂ ಕಂಪನಿಯವು. 1984ರ ವರೆಗೆ ಆ ಊರಿಗೆ ತನ್ನದೆಂಬ ಪುರಸಭೆಯೇ ಇರಲಿಲ್ಲ. ಹೀಗಿರುವಲ್ಲಿ ಯೂನಿಯನ್ ಕಟ್ಟುವುದು ಎಷ್ಟು ಕಷ್ಟವೆಂಬುದನ್ನು ನಾವು ನಿಮಗೆ ಹೇಳಬೇಕಾಗಿಲ್ಲ. 1974ರಿಂದ ಮೊದಲಾಗಿ ಯೂನಿಯನ್ನಿನ ಚುನಾವಣೆ ಮತ್ತೆ ಮತ್ತೆ ನಡೆಯಿತು, ಮತ್ತೆ ಮತ್ತೆ ಸೋತಿತು. ಕೊನೆಗೆ 1999ರಲ್ಲಿ ಕೆಲಸಗಾರರು ಗೆದ್ದರು.

ಗೆದ್ದ ಸಂತೋಷ ನಾಲ್ಕೇ ವರ್ಷ. ಆ ವೇಳೆಗೆ ಮಿಲ್ಲು ಕೈ ಬದಲಾಯಿಸಿ ಪಿಲ್ಲೊಟೆಕ್ಸ್ ಎಂಬ ಕಂಪನಿಯ ವಶದಲ್ಲಿತ್ತು. 2003ನೆಯ ಇಸವಿ ಜುಲೈ 30ರಂದು ಆ ಕಂಪನಿ ಒಮ್ಮೆಲೆ ಬಾಗಿಲು ಹಾಕಿತು. ಉತ್ತರ ಕೆರೊಲಿನಾ ಒಂದರಲ್ಲಿಯೇ ಸುಮಾರು 4,800 ಮಂದಿ ಕೆಲಸ ಕಳೆದುಕೊಂಡರು. ಆ ರಾಜ್ಯ ಅಲ್ಲಿಯ ವರೆಗೆ ಒಂದೇ ದಿನದಲ್ಲಿ ಅಷ್ಟು ಕೆಲಸ ಹೋದುದನ್ನು ಕಂಡಿರಲಿಲ್ಲ. ಮಿಲ್ಲಿನ ಬಾಗಿಲು ಬಿದ್ದರೆ ಅಂಗಡಿಯ ಗಲ್ಲಾಪೆಟ್ಟಿಗೆಯೂ ಬರಿದಾಗುತ್ತದೆ. ಇಲ್ಲಿ ಕುಳಿತಿರುವ ವರ್ತಕ ಮಿತ್ರರು ಈ ಲೆಕ್ಕವನ್ನು ನಮಗಿಂತ ಚೆನ್ನಾಗಿ ಬಲ್ಲರು.

ಆಗ ಬೆಳಕಿಗೆ ಬಂದ ಸಂಗತಿ ಏನೆಂದರೆ, ಆ ಕೆಲಸಗಾರರಲ್ಲಿ ಬಹಳ ಮಂದಿ ಹೈಸ್ಕೂಲನ್ನೇ ಮುಗಿಸಿರಲಿಲ್ಲ. ಅವರು ದಡ್ಡರಾಗಿದ್ದರೆ? ಖಂಡಿತ ಅಲ್ಲ. ತಂದೆಯೂ ತಾಯಿಯೂ ಮಿಲ್ಲಿನಲ್ಲಿದ್ದರು, ಮಗನಿಗೂ ಮಗಳಿಗೂ ಅಲ್ಲಿ ಕೆಲಸ ಸಿಗುವುದು ಗೊತ್ತಿತ್ತು. ಹದಿನಾರು ಹದಿನೇಳನೆಯ ವಯಸ್ಸಿಗೆ ಶಾಲೆ ಬಿಟ್ಟರೆ ಮರುದಿನವೇ ಕೂಲಿ. ಓದಿದರೆ ಏನು ಸಿಗುತ್ತದೆಂದು ಹೇಳುವವರು ಯಾರೂ ಇರಲಿಲ್ಲ. ನಲವತ್ತೈದು ಐವತ್ತು ವರ್ಷದ ಆ ಹೆಂಗಸರು ಗಂಡಸರು ಈಗ ಹೊಸ ಕೆಲಸ ಕೇಳಲು ಹೋದರೆ ಮೊದಲು ಕೇಳಿದ್ದು ಹೈಸ್ಕೂಲಿನ ಸರ್ಟಿಫಿಕೇಟು. ಹತ್ತಿರದ ರೊವಾನ್-ಕಬಾರಸ್ ಕಮ್ಯುನಿಟಿ ಕಾಲೇಜಿನಲ್ಲಿ ಸಾವಿರಕ್ಕೂ ಹೆಚ್ಚು ಮಂದಿ ಹೆಸರು ಬರೆಸಿದರು. ಹೊರದೇಶದ ಮಾಲಿನ ಪೈಪೋಟಿಯಿಂದ ಕೆಲಸ ಕಳೆದುಕೊಂಡವರಿಗೆಂದು ಕೇಂದ್ರ ಸರಕಾರದ ಒಂದು ನೆರವಿನ ಶಾಸನವಿತ್ತು, ಅದರಿಂದ ಫೀಸು ಹುಟ್ಟಿತು. ಮೊಮ್ಮಕ್ಕಳನ್ನು ಶಾಲೆಗೆ ಕಳಿಸುವ ವಯಸ್ಸಿನಲ್ಲಿ ಅಜ್ಜಿಯರು ತಾವೇ ಬೆಂಚಿನ ಮೇಲೆ ಕುಳಿತರು.

ಅದೇ 2003ರಲ್ಲಿ ಆ ರಾಜ್ಯದ ಶಾಸನಸಭೆ ಒಂದು ಕಾನೂನು ಮಾಡಿತು. ಹೈಸ್ಕೂಲುಗಳೂ ಕಾಲೇಜುಗಳೂ ಕೂಡಿಕೊಂಡು ಹೊಸ ಬಗೆಯ ಶಾಲೆಗಳನ್ನು ತೆರೆಯಬಹುದೆಂದು ಅದು ಹೇಳಿತು. ಯಾರಿಗಾಗಿ? ಶಾಲೆಯನ್ನು ಅರ್ಧಕ್ಕೆ ಬಿಟ್ಟುಬಿಡುವ ಅಪಾಯದಲ್ಲಿರುವ ಮಕ್ಕಳಿಗೆ, ಮನೆತನದಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಲಿರುವ ಮಕ್ಕಳಿಗೆ, ಬೇಗ ಬೇಗ ಕಲಿಯಬಲ್ಲ ಮಕ್ಕಳಿಗೆ. ಈ ಶಾಲೆಗಳಲ್ಲಿ ಅನೇಕವು ಕಮ್ಯುನಿಟಿ ಕಾಲೇಜಿನ ಆವರಣದಲ್ಲಿಯೇ ಇವೆ. ಒಂಬತ್ತನೆಯ ತರಗತಿಗೆ ಸೇರಿದ ಹುಡುಗಿ ನಾಲ್ಕೈದು ವರ್ಷಗಳಲ್ಲಿ ಹೈಸ್ಕೂಲಿನ ಸರ್ಟಿಫಿಕೇಟನ್ನೂ ಪಡೆಯಬಹುದು, ಜೊತೆಗೆ ಕಾಲೇಜಿನ ಎರಡು ವರ್ಷದ ಓದನ್ನೂ ಮುಗಿಸಬಹುದು. ಕಾಲೇಜಿನ ಫೀಸು ಅವಳದಲ್ಲ, ಸರಕಾರದ್ದು. ಈಗ ಆ ರಾಜ್ಯದಲ್ಲಿ ಇಂಥ ಶಾಲೆಗಳು ನೂರಕ್ಕೂ ಮಿಕ್ಕಿವೆ. ಕನ್ನಾಪೊಲಿಸ್ ಪ್ರದೇಶದ ಮಕ್ಕಳಿಗೆಂದು ಒಂದು ಶಾಲೆ ಇರುವುದು, ಅವರ ಊರಿನ ದೊಡ್ಡವರು ಮಿಲ್ಲು ಕಳೆದುಕೊಂಡು ಹೋಗಿ ಕುಳಿತ ಅದೇ ರೊವಾನ್-ಕಬಾರಸ್ ಕಾಲೇಜಿನ ಆವರಣದಲ್ಲಿ.

ಒಂದೇ ವಿದ್ಯಾರ್ಥಿಯ ಹೆಸರು ಹೈಸ್ಕೂಲಿನ ರಿಜಿಸ್ಟರಿನಲ್ಲಿಯೂ ಇರುತ್ತದೆ, ಕಾಲೇಜಿನ ರಿಜಿಸ್ಟರಿನಲ್ಲಿಯೂ ಇರುತ್ತದೆ. ಇದಕ್ಕೆ ಅವರು ಡ್ಯುಯಲ್ ಎನ್‌ರೋಲ್‌ಮೆಂಟ್ ಎನ್ನುತ್ತಾರೆ. ಜೋಡಿ ದಾಖಲೆ ಎಂದು ನಾವು ಕರೆಯೋಣ.

ಇಲ್ಲಿ ಕ್ರೆಡಿಟ್ ಎಂಬ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ವರ್ತಕರಿಗೆ ಇದು ಸುಲಭ. ನಿಮ್ಮ ಖಾತೆ ಪುಸ್ತಕದಲ್ಲಿ ಜಮಾ ಕಡೆ, ಖರ್ಚು ಕಡೆ ಎಂದು ಇರುವುದಷ್ಟೆ? ಅಮೆರಿಕದ ಕಾಲೇಜಿನಲ್ಲಿ ಪ್ರತಿ ವಿದ್ಯಾರ್ಥಿಗೂ ಅಂಥ ಒಂದು ಜಮಾ ಖಾತೆ ಇರುತ್ತದೆ. ವಾರಕ್ಕೆ ಮೂರು ಗಂಟೆಯಂತೆ ಸುಮಾರು ಹದಿನೈದು ವಾರ ನಡೆಯುವ ಒಂದು ಪಾಠಕ್ರಮದಲ್ಲಿ ಪಾಸಾದರೆ ಸಾಮಾನ್ಯವಾಗಿ 3 ಕ್ರೆಡಿಟ್ ಜಮೆ. 60 ಜಮೆಯಾದರೆ ಎರಡು ವರ್ಷದ ಅಸೋಸಿಯೇಟ್ ಪದವಿ. 120 ಆದರೆ ನಾಲ್ಕು ವರ್ಷದ ಬ್ಯಾಚುಲರ್ ಪದವಿ. ವರ್ಷದ ಕೊನೆಯಲ್ಲಿ ಒಂದೇ ದೊಡ್ಡ ಪರೀಕ್ಷೆ, ಫೇಲಾದರೆ ವರ್ಷವೇ ದಂಡ, ಎಂಬ ರೀತಿಯದಲ್ಲ. ಗಳಿಸಿದಷ್ಟು ಖಾತೆಯಲ್ಲಿ ಉಳಿಯುತ್ತದೆ. ಮಧ್ಯೆ ಎರಡು ವರ್ಷ ಕೆಲಸಕ್ಕೆ ಹೋಗಿ ಬಂದರೂ ಹಳೆಯ ಜಮೆ ಸಾಮಾನ್ಯವಾಗಿ ಅಳಿಸಿಹೋಗುವುದಿಲ್ಲ. ದುಡಿಯುವ ಮನೆಯ ಮಕ್ಕಳಿಗೆ ಇದು ದೊಡ್ಡ ಅನುಕೂಲ.

ಹೈಸ್ಕೂಲಿನ ಹುಡುಗ ಈ ಜಮೆಯನ್ನು ಗಳಿಸುವ ದಾರಿ ಮೂರು. ಒಂದು, ಕಾಲೇಜಿನ ಪಾಠವನ್ನು ಅವನ ಹೈಸ್ಕೂಲಿನಲ್ಲಿಯೇ, ಕಾಲೇಜು ಒಪ್ಪಿದ ಮೇಷ್ಟರು ಹೇಳಿಕೊಡುವುದು. ಎರಡು, ಹುಡುಗನೇ ದಿನದಲ್ಲಿ ಕೆಲವು ಗಂಟೆ ಕಾಲೇಜಿಗೆ ಹೋಗಿ, ಅಲ್ಲಿಯ ದೊಡ್ಡ ವಿದ್ಯಾರ್ಥಿಗಳ ಪಕ್ಕದಲ್ಲಿ ಕೂತು ಕಲಿಯುವುದು. ಈಚೆಗೆ ಮನೆಯಿಂದಲೇ ಕಂಪ್ಯೂಟರಿನ ಮೂಲಕ ಕಲಿಯುವುದೂ ಉಂಟು. ಮೂರು, ಈಗ ಹೇಳಿದಂತೆ ಶಾಲೆಯೇ ಕಾಲೇಜಿನೊಳಗೆ ಇರುವುದು. ಇಂಗ್ಲಿಷು, ಗಣಿತ, ಚರಿತ್ರೆ ಮಾತ್ರವೇ ಅಲ್ಲ, ವೆಲ್ಡಿಂಗು, ಯಂತ್ರದ ಕೆಲಸ, ರೋಗಿಗಳ ಶುಶ್ರೂಷೆ ಇಂಥವನ್ನೂ ಈ ರೀತಿ ಕಲಿಯಬಹುದು.

ಈಗ ಲೆಕ್ಕ ಹಾಕೋಣ. ಅಲ್ಲಿ ಕಮ್ಯುನಿಟಿ ಕಾಲೇಜಿನ ಫೀಸು 2023-24ರಲ್ಲಿ ವರ್ಷಕ್ಕೆ ಸರಾಸರಿ ಸುಮಾರು 4,000 ಡಾಲರ್. ಸರಕಾರದ ನಾಲ್ಕು ವರ್ಷದ ವಿಶ್ವವಿದ್ಯಾನಿಲಯದಲ್ಲಿ ಆ ರಾಜ್ಯದವರಿಗೇ ಸುಮಾರು 11,000 ಡಾಲರ್. ಊಟ, ವಸತಿ, ಪುಸ್ತಕ ಬೇರೆ. ಹದಿನೆಂಟು ತುಂಬುವುದರೊಳಗೆ ಒಂದು ವರ್ಷದ ಜಮೆ ಕೈಗೆ ಬಂದರೆ ಒಂದು ವರ್ಷದ ಫೀಸು ಉಳಿಯಿತು. ಅದಕ್ಕಿಂತ ಹೆಚ್ಚಾಗಿ ಒಂದು ವರ್ಷದ ಆಯುಸ್ಸು ಉಳಿಯಿತು. ಸಿರಿವಂತನ ಮಗ ಇಪ್ಪತ್ತೈದರ ವರೆಗೆ ಓದಬಲ್ಲ. ಮಿಲ್ಲಿನವನ ಮಗನಿಗೆ ಅಷ್ಟು ವರ್ಷ ಯಾರು ಕೊಡುತ್ತಾರೆ? ಮನೆಯಲ್ಲಿ ಅವನ ಕೂಲಿಗಾಗಿ ಕಾದಿರುವವರು ಇರುತ್ತಾರೆ. ಬಡವನ ವಿದ್ಯೆಯ ಪ್ರಶ್ನೆ ಅರ್ಧಪಾಲು ಕಾಲದ ಪ್ರಶ್ನೆ. ಈ ಜೋಡಿ ದಾಖಲೆಯ ನಿಜವಾದ ಬೆಲೆ ಇರುವುದು ಇಲ್ಲಿ.

ಇದು ನಿನ್ನೆ ಮೊನ್ನೆ ಹುಟ್ಟಿದ ಯೋಚನೆಯಲ್ಲ. ಕಮ್ಯುನಿಟಿ ಕಾಲೇಜು ಹುಟ್ಟಿದ್ದೇ ಹೈಸ್ಕೂಲಿನ ಹೊಟ್ಟೆಯಿಂದ. ಇಲ್ಲಿನಾಯ್ ರಾಜ್ಯದಲ್ಲಿ ಜೋಲಿಯೆಟ್ ಎಂಬುದು ಉಕ್ಕಿನ, ಸುಣ್ಣಕಲ್ಲಿನ ಊರು. 1901ರಲ್ಲಿ ಅಲ್ಲಿಯ ಹೈಸ್ಕೂಲಿನ ಮುಖ್ಯಸ್ಥ ಸ್ಟಾನ್ಲಿ ಬ್ರೌನ್, ಷಿಕಾಗೊ ವಿಶ್ವವಿದ್ಯಾನಿಲಯದ ಅಧ್ಯಕ್ಷ ವಿಲಿಯಂ ರೇನಿ ಹಾರ್ಪರ್, ಇಬ್ಬರೂ ಕೂಡಿ ಹೈಸ್ಕೂಲಿನಲ್ಲಿಯೇ ಕಾಲೇಜಿನ ಮೊದಲೆರಡು ವರ್ಷದ ಪಾಠ ಆರಂಭಿಸಿದರು. ಮೊದಲು ಸೇರಿದವರು ಆರೇ ಮಂದಿ. ಊರು ಬಿಟ್ಟು ದೂರ ಹೋಗಿ ಓದಲಾರದ ಮಕ್ಕಳಿಗೆ ಊರಿನಲ್ಲಿಯೇ ಕಾಲೇಜು ಎಂಬುದು ಅದರ ತಿರುಳು. ಎರಡನೆಯ ಮಹಾಯುದ್ಧ ಮುಗಿದ ಮೇಲೆ, 1947ರಲ್ಲಿ ಅಧ್ಯಕ್ಷ ಟ್ರೂಮನ್ ನೇಮಿಸಿದ ಆಯೋಗ ಇನ್ನೂ ಮುಂದೆ ಹೋಗಿ, ಹೈಸ್ಕೂಲಾದ ಮೇಲಿನ ಎರಡು ವರ್ಷದ ಓದು ಎಲ್ಲರಿಗೂ ಉಚಿತವಾಗಿರಬೇಕೆಂದು ಹೇಳಿತು. ಆಯೋಗ ಹೇಳಿದ್ದು ದೇಶದಾದ್ಯಂತ ಇಂದಿಗೂ ನಡೆದಿಲ್ಲ. ಆದರೆ ಕಮ್ಯುನಿಟಿ ಕಾಲೇಜುಗಳು ಊರೂರಿಗೆ ಹಬ್ಬಿದವು. ಉತ್ತರ ಕೆರೊಲಿನಾ 1963ರಲ್ಲಿ ಅದಕ್ಕೆಂದು ಕಾನೂನು ಮಾಡಿತು, ಇಂದು ಅಲ್ಲಿ ಅಂಥ ಕಾಲೇಜುಗಳು 58 ಇವೆ.

1974ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಒಂದು ಕುತೂಹಲದ ಪ್ರಯೋಗ ನಡೆಯಿತು. ಅಲ್ಲಿಯ ಲಾಗಾರ್ಡಿಯಾ ಕಮ್ಯುನಿಟಿ ಕಾಲೇಜು ಕಾರ್ಖಾನೆಗಳ ಕೇರಿಯಲ್ಲಿದೆ. ಹಿಂದೆ ಬಿಸ್ಕತ್ತಿನ ಕಾರ್ಖಾನೆಯಾಗಿದ್ದ ಕಟ್ಟಡದಲ್ಲಿಯೂ ಅದರ ತರಗತಿಗಳು ನಡೆದಿವೆ. ಜಾನೆಟ್ ಲೀಬರ್ಮನ್ ಎಂಬ ಪ್ರಾಧ್ಯಾಪಕಿ ಆ ಕಾಲೇಜಿನೊಳಗೆ ಒಂದು ಹೈಸ್ಕೂಲನ್ನು ತಂದಿಟ್ಟರು. ಸೇರಿಸಿಕೊಂಡದ್ದು ಮೊದಲ ರ‍್ಯಾಂಕಿನವರನ್ನಲ್ಲ, ಶಾಲೆ ಬಿಡುವ ಅಂಚಿನಲ್ಲಿದ್ದ ಮಕ್ಕಳನ್ನು. ಹಿಂದುಳಿದವನಿಗೆ ಕೆಳಗಿನ ಪಾಠ ಕೊಟ್ಟರೆ ಅವನು ಇನ್ನಷ್ಟು ಹಿಂದುಳಿಯುತ್ತಾನೆ. ದೊಡ್ಡವರ ನಡುವೆ ಕೂರಿಸಿ, ದೊಡ್ಡವನಂತೆ ನಡೆಸಿಕೊಂಡು, ಬೇಕಾದ ಆಸರೆ ಕೊಟ್ಟರೆ ಅವನು ಬೆಳೆಯುತ್ತಾನೆ ಎಂಬ ನಂಬುಗೆಯಿಂದ ಹಾಗೆ ಮಾಡಿದರು. ಮಗ್ಗದ ಮುಂದೆ ನಿಂತು ಕಲಿತವರಿಗೆ ಈ ಮಾತು ಹೊಸದಲ್ಲ. ಹಳೆಯ ಕೈಗಳ ಪಕ್ಕದಲ್ಲಿ ನಿಂತ ಹುಡುಗ ಆರು ತಿಂಗಳಲ್ಲಿ ಕಲಿಯುವುದನ್ನು, ಬೇರೆ ಮೂಲೆಯಲ್ಲಿ ಕೂರಿಸಿದ ಹುಡುಗ ಎರಡು ವರ್ಷವಾದರೂ ಕಲಿಯುವುದಿಲ್ಲ.

1985ರಲ್ಲಿ ಮಿನ್ನೆಸೋಟಾ ರಾಜ್ಯ ಇದನ್ನು ಶಾಸನದ ಮೂಲಕ ಮಕ್ಕಳ ಹಕ್ಕನ್ನಾಗಿ ಮಾಡಿತು. ಹನ್ನೊಂದು ಹನ್ನೆರಡನೆಯ ತರಗತಿಯ ವಿದ್ಯಾರ್ಥಿ ಕಾಲೇಜಿಗೆ ಹೋಗಿ ಕಲಿಯಬಹುದು. ಫೀಸೂ ಪುಸ್ತಕದ ಹಣವೂ ಸರಕಾರದ್ದು. ತೀರ ಬಡ ಮನೆಯವರಿಗೆ ಹೋಗಿ ಬರುವ ಖರ್ಚಿಗೂ ನೆರವು. ಆಗ ಅಲ್ಲಿ ಗವರ್ನರರಾಗಿದ್ದವರು ರೂಡಿ ಪರ್ಪಿಚ್. ಕಬ್ಬಿಣದ ಗಣಿಯ ಕೆಲಸಗಾರನ ಮಗ, ತಂದೆ ಕ್ರೊಯೇಷಿಯಾದಿಂದ ಹೊಟ್ಟೆಪಾಡಿಗಾಗಿ ವಲಸೆ ಬಂದವನು. ಶಾಲೆಗೆ ಸೇರುವ ವರೆಗೆ ಹುಡುಗನಿಗೆ ಇಂಗ್ಲಿಷೇ ಬರುತ್ತಿರಲಿಲ್ಲ.

ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಆ ಶಾಸನವನ್ನು ವಿರೋಧಿಸಿದವರಲ್ಲಿ ಉಪಾಧ್ಯಾಯರ ಸಂಘಗಳೂ ಇದ್ದವು, ಶಾಲಾ ಮಂಡಲಿಗಳೂ ಇದ್ದವು. ಹುಡುಗ ಕಾಲೇಜಿಗೆ ಹೋದರೆ ಅವನ ಹೆಸರಿನಲ್ಲಿ ಶಾಲೆಗೆ ಬರುತ್ತಿದ್ದ ಸರಕಾರದ ಹಣವೂ ಅವನ ಹಿಂದೆಯೇ ಕಾಲೇಜಿಗೆ ಹೋಗುತ್ತಿತ್ತು. ಬಡ ಹಳ್ಳಿಯ ಶಾಲೆಯಿಂದ ಹತ್ತು ಮಕ್ಕಳು ಹೋದರೆ ಉಳಿದ ಮಕ್ಕಳ ಗತಿಯೇನು ಎಂದು ಅವರು ಕೇಳಿದರು. ಸಂಘದವರು ಕೇಳಿದರೆಂದ ಮಾತ್ರಕ್ಕೆ ಅದು ಸ್ವಾರ್ಥದ ಪ್ರಶ್ನೆ ಎಂದು ತಳ್ಳಿಹಾಕುವುದು ಸರಿಯಲ್ಲ. ಒಬ್ಬ ಹುಡುಗನಿಗೆ ದಾರಿ ತೆರೆಯಲು ಇನ್ನೊಬ್ಬನ ತರಗತಿಯನ್ನು ಬರಿದು ಮಾಡಬಾರದು. ಎರಡು ಕಡೆಗೂ ಹಣ ಒದಗಿಸುವುದು ಸರಕಾರದ ಹೊಣೆ. ಹಾಗೆಂದು ಹುಡುಗನನ್ನು ಕಟ್ಟಿಹಾಕುವುದೂ ನ್ಯಾಯವಲ್ಲ.

ಈಗ ಈ ಪದ್ಧತಿ ಎಷ್ಟು ಬೆಳೆದಿದೆ ನೋಡಿರಿ. 2002-03ರಲ್ಲಿ ಕಾಲೇಜುಗಳ ಮೂಲಕ ಈ ರೀತಿ ಕಲಿತ ಹೈಸ್ಕೂಲು ಮಕ್ಕಳು ಸುಮಾರು 8 ಲಕ್ಷ 13 ಸಾವಿರ. 2010-11ರಲ್ಲಿ ಸುಮಾರು 12 ಲಕ್ಷ 77 ಸಾವಿರ. 2022-23ಕ್ಕೆ ಅದು 25 ಲಕ್ಷದ ಹತ್ತಿರ ಬಂದಿತು. ಅಲ್ಲಿಯ ಕಮ್ಯುನಿಟಿ ಕಾಲೇಜುಗಳ ವಿದ್ಯಾರ್ಥಿಗಳಲ್ಲಿ ಸುಮಾರು ಐವರಲ್ಲಿ ಒಬ್ಬರು ಇಂದು ಹೈಸ್ಕೂಲಿನವರು. ಫಲವೂ ಉಂಟು. ಕಾಲೇಜಿನೊಳಗಿನ ಶಾಲೆಗಳಲ್ಲಿ ಸೀಟು ಸಾಲದೆ ಲಾಟರಿ ಎತ್ತಿದ ಕಡೆಗಳಲ್ಲಿ, ಸೀಟು ಸಿಕ್ಕ ಮಕ್ಕಳನ್ನೂ ಸಿಗದ ಮಕ್ಕಳನ್ನೂ ವರ್ಷಗಟ್ಟಲೆ ಹಿಂಬಾಲಿಸಿ ಹೋಲಿಸಿ ನೋಡಿದ್ದಾರೆ. ಸೀಟು ಸಿಕ್ಕವರಲ್ಲಿ ಕಾಲೇಜು ಸೇರಿದವರೂ ಪದವಿ ಪಡೆದವರೂ ಹೆಚ್ಚು. ಚೀಟಿ ಎತ್ತಿದ್ದರಿಂದ, ಜಾಣರನ್ನು ಆರಿಸಿಕೊಂಡರೆಂಬ ಆಕ್ಷೇಪಣೆ ಇಲ್ಲಿ ನಿಲ್ಲುವುದಿಲ್ಲ.

ಇಷ್ಟೇ ಆಗಿದ್ದರೆ ನಾವು ಚಪ್ಪಾಳೆ ತಟ್ಟಿ ಮನೆಗೆ ಹೋಗಬಹುದಾಗಿತ್ತು. ಆದರೆ ಒಂದು ಪ್ರಶ್ನೆ ಉಳಿದಿದೆ. ಈ 25 ಲಕ್ಷ ಮಕ್ಕಳು ಯಾರ ಮಕ್ಕಳು?

ಅಮೆರಿಕ ಸರಕಾರದ ಶಿಕ್ಷಣ ಅಂಕಿ ಅಂಶದ ಕೇಂದ್ರ 2019ರಲ್ಲಿ ಒಂದು ವರದಿ ಕೊಟ್ಟಿತು. 2009ರಲ್ಲಿ ಒಂಬತ್ತನೆಯ ತರಗತಿಯಲ್ಲಿದ್ದ ಮಕ್ಕಳನ್ನು ಹಿಂಬಾಲಿಸಿ ನೋಡಿದಾಗ, ನೂರಕ್ಕೆ 34 ಮಂದಿ ಹೈಸ್ಕೂಲಿನಲ್ಲಿರುವಾಗಲೇ ಇಂಥ ಪಾಠ ಕಲಿತಿದ್ದರು. ಆದರೆ ತಂದೆ ತಾಯಿ ಪದವೀಧರರಾಗಿದ್ದ ಮನೆಗಳಲ್ಲಿ ನೂರಕ್ಕೆ 42. ತಂದೆ ತಾಯಿ ಹೈಸ್ಕೂಲನ್ನೇ ಮುಗಿಸದ ಮನೆಗಳಲ್ಲಿ ನೂರಕ್ಕೆ 26. ಬಿಳಿಯರ ಮಕ್ಕಳಲ್ಲಿ 38, ಕರಿಯರ ಮಕ್ಕಳಲ್ಲಿ 27. ಮೆಟ್ಟಿಲನ್ನು ಕಟ್ಟಿದ್ದು ಕೆಳಗಿರುವವರು ಹತ್ತಲೆಂದು. ಹತ್ತಿದವರಲ್ಲಿ ಹೆಚ್ಚಿನವರು ಆಗಲೇ ಅರ್ಧ ಎತ್ತರದಲ್ಲಿ ನಿಂತಿದ್ದವರು. ಕನ್ನಾಪೊಲಿಸಿನಲ್ಲಿ ಮಿಲ್ಲು ಕಳೆದುಕೊಂಡವರನ್ನು ನೆನೆಯಿರಿ. ಅವರ ಮಕ್ಕಳು ಆ 26ರ ಕಡೆಯವರು.

ಹೀಗೇಕೆ? ಮಕ್ಕಳ ಬುದ್ಧಿಯಲ್ಲಿ ವ್ಯತ್ಯಾಸವಿದೆಯೆಂದು ಹೇಳುವವರು ಎಲ್ಲ ದೇಶದಲ್ಲಿಯೂ ಇರುತ್ತಾರೆ. ನಾವು ಕಂಡ ಕಾರಣಗಳು ಬೇರೆ. ಅವುಗಳಿಗೂ ಬುದ್ಧಿಗೂ ಸಂಬಂಧವಿಲ್ಲ.

ಮೊದಲನೆಯದು, ಹಣ ಯಾರು ಕೊಡುತ್ತಾರೆ ಎಂಬುದು. ಐವತ್ತು ರಾಜ್ಯಗಳಲ್ಲಿ ಐವತ್ತು ರೀತಿ. ಮಿನ್ನೆಸೋಟಾದಲ್ಲಿ ಪುಸ್ತಕವೂ ಉಚಿತ. ವಾಷಿಂಗ್ಟನ್ ರಾಜ್ಯದಲ್ಲಿ 1990ರ ಶಾಸನದಂತೆ ಕಾಲೇಜಿನ ಬೋಧನಾ ಶುಲ್ಕವಿಲ್ಲ, ಆದರೆ ಪುಸ್ತಕ, ಬಸ್ಸಿನ ಖರ್ಚು ಬಹುಮಟ್ಟಿಗೆ ಮನೆಯವರ ತಲೆಯ ಮೇಲೆ. ಇನ್ನು ಕೆಲವು ಕಡೆ ಫೀಸನ್ನೇ ಮನೆಯವರು ಕಟ್ಟಬೇಕು. ಟೆಕ್ಸಾಸಿನಲ್ಲಿ 2023ರಲ್ಲಿ ಮಾಡಿದ ಶಾಸನದಂತೆ, ಯೋಜನೆಗೆ ಸೇರಿದ ಕಾಲೇಜುಗಳಲ್ಲಿ ಬಡ ಮಕ್ಕಳಿಗೆ ಈ ಪಾಠ ಉಚಿತವಾಯಿತು. ಅಂದರೆ ಅಲ್ಲಿಯ ವರೆಗೆ ಎಷ್ಟೋ ಮಕ್ಕಳಿಗೆ ಅದು ಉಚಿತವಾಗಿರಲಿಲ್ಲವೆಂದಾಯಿತು. ಬಡ ವಿದ್ಯಾರ್ಥಿಗಳಿಗೆಂದು ಕೇಂದ್ರ ಸರಕಾರ ಕೊಡುವ ಪೆಲ್ ಎಂಬ ವೇತನವೂ ಹೈಸ್ಕೂಲು ಮುಗಿಸದವರಿಗೆ ಸಾಮಾನ್ಯವಾಗಿ ಇಲ್ಲ. 2016ರಲ್ಲಿ ಕೆಲವೇ ಕಾಲೇಜುಗಳಲ್ಲಿ ಪ್ರಯೋಗಕ್ಕೆಂದು ಕೊಟ್ಟು ನೋಡಿದ್ದುಂಟು. ಇನ್ನೂರು ಮುನ್ನೂರು ಡಾಲರ್ ಎಂಬುದು ಡಾಕ್ಟರರ ಮನೆಯಲ್ಲಿ ಯಾರ ಗಮನಕ್ಕೂ ಬಾರದ ಖರ್ಚು. ಬಟವಾಡೆಯ ದಿನಕ್ಕೆ ಕಾಯುವ ಮನೆಯಲ್ಲಿ ಅದೇ ಮೊತ್ತ ಹುಡುಗಿಯ ಓದನ್ನು ನಿಲ್ಲಿಸಬಲ್ಲದು.

ಎರಡನೆಯದು, ಸುದ್ದಿ ಯಾರ ಕಿವಿಗೆ ಬೀಳುತ್ತದೆ ಎಂಬುದು. ಇಂಥ ಪಾಠವಿದೆ, ಇಂಥ ದಿನದೊಳಗೆ ಅರ್ಜಿ ಹಾಕಬೇಕು, ಇಂಥ ಪರೀಕ್ಷೆಯಲ್ಲಿ ಇಷ್ಟು ಅಂಕ ಬರಬೇಕು ಎಂಬುದನ್ನು ಕಾಲೇಜು ಕಂಡ ತಂದೆ ತಾಯಿ ತಾವೇ ವಿಚಾರಿಸಿ ತಿಳಿಯುತ್ತಾರೆ. ರಾತ್ರಿ ಪಾಳಿಯ ತಾಯಿಗೆ ಶಾಲೆಯ ಸಭೆಗೆ ಹೋಗಲು ಬಿಡುವೆಲ್ಲಿ? ಇದಲ್ಲದೆ, ಹೈಸ್ಕೂಲಿನಲ್ಲಿ ಕಾಲೇಜಿನ ಪಾಠ ಹೇಳಲು ಮೇಷ್ಟರಿಗೆ ಆ ವಿಷಯದಲ್ಲಿ ಸಾಮಾನ್ಯವಾಗಿ ಮೇಲ್ಮಟ್ಟದ ಪದವಿಯ ಓದು ಬೇಕೆಂಬ ನಿಯಮವಿದೆ. ನಿಯಮ ತಪ್ಪಲ್ಲ. ಆದರೆ ಅಂಥ ಮೇಷ್ಟರು ಸಿಗುವುದು ಅನುಕೂಲವಂತರ ಕೇರಿಯ ಶಾಲೆಯಲ್ಲಿ. ದೂರದ ಹಳ್ಳಿಯ ಶಾಲೆಯಲ್ಲಿ ಅಂಥವರೂ ಇಲ್ಲ, ಕಾಲೇಜಿಗೆ ಹೋಗುವ ಬಸ್ಸೂ ಇಲ್ಲ.

ಮೂರನೆಯದು, ಗಳಿಸಿದ ಜಮೆ ಎಲ್ಲೆಲ್ಲಿ ನಡೆಯುತ್ತದೆ ಎಂಬುದು. ವರ್ತಕರು ಹುಂಡಿಯ ವ್ಯವಹಾರ ಕೇಳಿ ಬಲ್ಲಿರಿ. ಈ ಊರಿನಲ್ಲಿ ಬರೆದ ಹುಂಡಿಗೆ ಆ ಊರಿನ ಸಾಹುಕಾರ ಹಣ ಕೊಟ್ಟರೆ ಅದು ಹುಂಡಿ. ಕೊಡದಿದ್ದರೆ ಅದು ರದ್ದಿ ಕಾಗದ. ಕಮ್ಯುನಿಟಿ ಕಾಲೇಜಿನ ಜಮೆಯನ್ನು ವಿಶ್ವವಿದ್ಯಾನಿಲಯ ಒಪ್ಪಬೇಕು. ಉತ್ತರ ಕೆರೊಲಿನಾದಲ್ಲಿ 1997ರಿಂದ ಕಮ್ಯುನಿಟಿ ಕಾಲೇಜುಗಳಿಗೂ ರಾಜ್ಯದ ವಿಶ್ವವಿದ್ಯಾನಿಲಯಗಳಿಗೂ ಬರಹದ ಒಪ್ಪಂದವಿದೆ, 2014ರಲ್ಲಿ ಅದನ್ನು ಪರಿಷ್ಕರಿಸಿದರು. ಅಂಥ ಒಪ್ಪಂದವಿರುವ ಕಡೆ ಹುಂಡಿ ನಡೆಯುತ್ತದೆ. ಒಪ್ಪಂದದ ಹೊರಗಿನ ಖಾಸಗಿ ವಿಶ್ವವಿದ್ಯಾನಿಲಯಕ್ಕೋ ಬೇರೆ ರಾಜ್ಯಕ್ಕೋ ಹೋದರೆ ಅವರ ಮರ್ಜಿ. ಕೆಲವೊಮ್ಮೆ ಜಮೆಯನ್ನು ಒಪ್ಪಿಕೊಂಡೂ ಒಪ್ಪದಂತೆ ಮಾಡುವುದುಂಟು. "ಸರಿ, ಬರೆದುಕೊಂಡೆವು, ಆದರೆ ನೀನು ಓದಬೇಕೆಂದಿರುವ ಇಂಜಿನಿಯರಿಂಗಿಗೆ ಇದು ಲೆಕ್ಕಕ್ಕೆ ಬರದು" ಎನ್ನುತ್ತಾರೆ. ಇಪ್ಪತ್ತು ಮೂವತ್ತು ಜಮೆ ಗಳಿಸಿಯೂ ಒಂದು ದಿನವೂ ಉಳಿಯದ ಮಕ್ಕಳಿದ್ದಾರೆ. ಯಾವ ಪಾಠ ತೆಗೆದುಕೊಂಡರೆ ಯಾವ ಬಾಗಿಲು ತೆರೆಯುತ್ತದೆ ಎಂದು ಮೊದಲೇ ಹೇಳುವವರಿದ್ದರೆ ಮಾತ್ರ ಈ ನಷ್ಟ ತಪ್ಪೀತು. ಹೇಳುವವರು ಯಾರ ಮನೆಯಲ್ಲಿರುತ್ತಾರೆ? ಮತ್ತೆ ಅದೇ ಮನೆಗಳಲ್ಲಿ.

ಇನ್ನೊಂದು ಎಚ್ಚರಿಕೆ. ಹದಿನಾರರ ಹುಡುಗ ಕಾಲೇಜಿನ ಪಾಠದಲ್ಲಿ ಫೇಲಾದರೆ ಆ ಫೇಲೂ ಖಾತೆಯಲ್ಲಿ ಉಳಿಯುತ್ತದೆ. ಮುಂದೆ ಕಾಲೇಜು ಸೇರುವಾಗ, ವಿದ್ಯಾರ್ಥಿ ವೇತನ ಕೇಳುವಾಗ ಅದು ಎದುರು ಬಂದು ನಿಲ್ಲಬಹುದು. ಆಸರೆ ಇಲ್ಲದೆ ಮಕ್ಕಳನ್ನು ನೀರಿಗೆ ತಳ್ಳಿ ಈಜು ಎಂದರೆ ಅದು ಅವಕಾಶವಾಗದು. ಹೇಳಿಕೊಡುವ ಮೇಷ್ಟರ ಕೆಲಸವೂ ಬೆಳೆಯುತ್ತದೆ. ಕಾಲೇಜಿನ ಪಾಠವನ್ನು ಹೈಸ್ಕೂಲಿನ ಸಂಬಳದಲ್ಲಿ ಹೇಳಿಸಿಕೊಂಡು, ಕಡಮೆ ಖರ್ಚಿನಲ್ಲಿ ಕಾಲೇಜು ನಡೆಸಿದೆವೆಂದು ಬೆನ್ನು ತಟ್ಟಿಕೊಳ್ಳುವ ಆಸೆ ಯಾವ ಸರಕಾರಕ್ಕೂ ಹುಟ್ಟಬಹುದು. ಅಗ್ಗದ ಮಾಲಿನಲ್ಲಿ ಎಳೆ ಕಡಮೆ ಇರುತ್ತದೆ ಎಂಬುದನ್ನು ಬಟ್ಟೆ ನೇಯುವವರಿಗೆ ನಾವು ಹೇಳಬೇಕೆ?

ಮಿತ್ರರೆ, ನಮ್ಮ ರಾಜ್ಯದಲ್ಲಿ ಇಂಥ ಪದ್ಧತಿ ಇಲ್ಲ. ನಮ್ಮಲ್ಲಿ ಎಸ್.ಎಸ್.ಎಲ್.ಸಿ. ಒಂದು ಕಟ್ಟೆ, ಪಿ.ಯು.ಸಿ. ಇನ್ನೊಂದು ಕಟ್ಟೆ, ಪದವಿ ಮತ್ತೊಂದು ಕಟ್ಟೆ. ಅದರ ಹತ್ತಿರದ ನೆಂಟನೆಂದು ಹೇಳಬಹುದಾದ ಒಂದು ದಾರಿ ಎಂದರೆ, ಎಸ್.ಎಸ್.ಎಲ್.ಸಿ. ಆದ ಮೇಲೆ ಪಾಲಿಟೆಕ್ನಿಕ್ಕಿನಲ್ಲಿ ಮೂರು ವರ್ಷದ ಡಿಪ್ಲೊಮಾ ಮಾಡಿದವನು ಇಂಜಿನಿಯರಿಂಗಿನ ಎರಡನೆಯ ವರ್ಷಕ್ಕೆ ನೇರವಾಗಿ ಸೇರಬಹುದು. ಕಲಿತದ್ದು ವ್ಯರ್ಥವಾಗದೆ ಮುಂದಿನ ಮೆಟ್ಟಿಲಿಗೆ ಜಮೆಯಾಗುತ್ತದೆ. ಮಿಲ್ಲಿನ, ವರ್ಕ್‌ಶಾಪಿನ ಮನೆಗಳ ಮಕ್ಕಳು ಆ ದಾರಿಯಲ್ಲಿ ಹೋಗಿ ಇಂಜಿನಿಯರುಗಳಾಗಿರುವುದನ್ನು ನೀವೂ ಕಂಡಿರಬಹುದು. ಆ ದಾರಿ ಇರುವುದೇ ಗೊತ್ತಿಲ್ಲದವರೂ ನಮ್ಮ ನಡುವೆ ಇದ್ದಾರೆ.

ಅಮೆರಿಕದ್ದನ್ನು ಇದ್ದ ಹಾಗೆಯೇ ಇಲ್ಲಿಗೆ ತನ್ನಿರೆಂದು ನಾವು ಹೇಳುವುದಿಲ್ಲ. ಇನ್ನೊಬ್ಬರ ಅಳತೆಗೆ ಹೊಲಿದ ಅಂಗಿ ನಮ್ಮ ಮೈಗೆ ಕೂರುವುದಿಲ್ಲ. ಆದರೆ ಅವರ ನೂರು ವರ್ಷದ ಅನುಭವದಿಂದ ಮೂರು ಪ್ರಶ್ನೆಗಳನ್ನು ಮಾತ್ರ ಎತ್ತಿಕೊಂಡು ಬರೋಣ. ನಾಳೆ ಯಾವ ಸರಕಾರವೇ ಆಗಲಿ, ಯಾವ ಪಕ್ಷವೇ ಆಗಲಿ, ನಿಮ್ಮ ಮಕ್ಕಳ ವಿದ್ಯೆಗೆಂದು ಒಂದು ಯೋಜನೆಯನ್ನು ನಿಮ್ಮ ಮುಂದಿಟ್ಟಾಗ ಕೇಳಿರಿ. ಇದರ ಖರ್ಚು ಪುಸ್ತಕ, ಬಸ್ಸು ಸೇರಿ ಪೂರ್ತಿಯಾಗಿ ಯಾರು ಕೊಡುತ್ತಾರೆ? ಇದರ ಸುದ್ದಿಯನ್ನು ನಮ್ಮ ಕೇರಿಗೆ, ನಮ್ಮ ಮಿಲ್ಲಿನ ಗೇಟಿಗೆ ಯಾರು ತಂದು ಮುಟ್ಟಿಸುತ್ತಾರೆ? ಇದರಿಂದ ಬಂದ ಸರ್ಟಿಫಿಕೇಟು ಎಲ್ಲೆಲ್ಲಿ ನಡೆಯುತ್ತದೆ, ಬರಹದಲ್ಲಿ ಕೊಡುತ್ತೀರಾ? ಈ ಮೂರಕ್ಕೂ ನೇರವಾದ ಉತ್ತರ ಬಂದರೆ ಅದು ನಿಮ್ಮ ಮಕ್ಕಳ ಯೋಜನೆ. ಬರದಿದ್ದರೆ, ನಿಮ್ಮ ಹೆಸರು ಹೇಳಿ ಬೇರೆಯವರ ಮಕ್ಕಳಿಗೆ ಮಾಡಿದ ಯೋಜನೆ.

ಎರಡನೆಯ ಪ್ರಶ್ನೆಗೆ ಉತ್ತರ ಕೊಡುವ ಕೆಲಸದಲ್ಲಿ ಒಂದು ಪಾಲು ನಮ್ಮದೂ ಹೌದು. ಯೂನಿಯನ್ ಆಫೀಸಿನ ಗೋಡೆಯ ಮೇಲೆ ಬೋನಸ್ಸಿನ ಸುದ್ದಿ ಬರೆಯುತ್ತೇವೆ, ಸಭೆಯ ಸುದ್ದಿ ಬರೆಯುತ್ತೇವೆ. ಪಾಲಿಟೆಕ್ನಿಕ್ಕಿನ ಅರ್ಜಿಯ ಕೊನೆಯ ದಿನ, ವಿದ್ಯಾರ್ಥಿ ವೇತನದ ಕೊನೆಯ ದಿನ, ಇವನ್ನೂ ಯಾಕೆ ಬರೆಯಬಾರದು? ವರ್ತಕ ಮಿತ್ರರು ತಮ್ಮ ಅಂಗಡಿಯ ಮುಂದೆ ಒಂದು ಹಲಗೆಯಷ್ಟು ಜಾಗ ಕೊಟ್ಟರೆ, ಸಂಜೆ ಸಾಮಾನಿಗೆ ಬಂದ ತಾಯಿ ಅದನ್ನು ಓದಿಕೊಂಡು ಹೋದಾಳು. ಓದಲು ಬಾರದಿದ್ದರೆ ಪಕ್ಕದವರು ಓದಿ ಹೇಳಿಯಾರು. ಇದಕ್ಕೆ ಶಾಸನ ಬೇಕಿಲ್ಲ. ಸುಣ್ಣದ ಕಡ್ಡಿ ಸಾಕು.

ಕನ್ನಾಪೊಲಿಸಿನಲ್ಲಿ ಮಿಲ್ಲಿನ ಕಟ್ಟಡ ಈಗ ಇಲ್ಲ. ಅದನ್ನು ಕೆಡವಿ ಆ ನೆಲದ ಮ್ಯಾಲೆ ಸಂಶೋಧನೆಯ ಕಟ್ಟಡಗಳನ್ನು ಕಟ್ಟಿದ್ದಾರೆ. ಆ ಕಮ್ಯುನಿಟಿ ಕಾಲೇಜಿಗೂ ಅಲ್ಲಿ ಒಂದು ಕಟ್ಟಡವಿದೆ. ಒಂದು ಕಾಲಕ್ಕೆ ಹದಿನಾರರ ಹುಡುಗ ಓದು ಬಿಟ್ಟು ಕೂಲಿಗೆಂದು ಹೋಗುತ್ತಿದ್ದ ನೆಲಕ್ಕೆ ಇಂದು ಅದೇ ವಯಸ್ಸಿನವರು ಓದಲು ಹೋಗಬಲ್ಲರು. ಅದು ತಾನಾಗಿ ಆದುದಲ್ಲ. ಸಾವಿರಾರು ಮನೆಗಳ ಒಲೆ ಆರಿದ ಮೇಲೆ ಆದುದು. ಆ ಬೆಲೆ ತೆರುವ ಮುಂಚೆಯೇ, ಮಿಲ್ಲು ನಡೆಯುತ್ತಿರುವಾಗಲೇ, ಕೂಲಿ ಕೈಗೆ ಬರುತ್ತಿರುವಾಗಲೇ ನಾವು ನಮ್ಮ ಮಕ್ಕಳ ಜಮೆಯನ್ನು ಕೂಡಿಡಲು ತೊಡಗೋಣ.